ಬಾರ್ನಾ ನಾಂದೋರ್ ಬಿಸಿಲಲ್ಲಿ ತಿಂದ ರೊಟ್ಟಿ

ನಮ್ಮ ಸಾರ್‌ಫಾಲ್ವದಿಂದ ಪಾರ್ಲಿಮೆಂಟಿಗೆ ಹೋದ ಯೆಹೂದಿ ಒಬ್ಬನೇ, ಬಾರ್ನಾ ನಾಂದೋರ್. ಅವನು ತೀರಿಕೊಂಡಾಗ ಹಂಗೇರಿಯ ರಾಜಧಾನಿ ಪೆಶ್ಟ್ ಪಟ್ಟಣದಿಂದ ಎತ್ತರದ ಟೋಪಿಯವರೊಬ್ಬರು ಬಂದು, ಸತ್ಯಕ್ಕಾಗಿ ಸೀಟು ಬಿಟ್ಟ ಮಹಾನುಭಾವ ಎಂದು ಗೋರಿಯ ಮುಂದೆ ಭಾಷಣ ಮಾಡಿದರು. ಹೆಂಗಸರು ಕಣ್ಣೊರೆಸಿಕೊಂಡರು. ನಾನೂ ಕರವಸ್ತ್ರ ತೆಗೆದೆ, ನೆಗಡಿಯಾಗಿತ್ತು. ಆ ಸತ್ಯಕ್ಕೆ ಹಿಟ್ಟು ನಾದಿಕೊಟ್ಟವಳು ನಾನು. ನನ್ನ ಯಜಮಾನ ಲಾಜರ್ ನಮ್ಮ ಪ್ರಾರ್ಥನಾ ಮಂದಿರದ ಪರಿಚಾರಕನಾಗಿದ್ದ. ದೀಪ ಹಚ್ಚುವುದು, ಕಸ ಗುಡಿಸುವುದು, ಮುಂಜಾನೆ ಕಿಟಕಿ ಬಡಿದು ಗಂಡಸರನ್ನು ಪ್ರಾರ್ಥನೆಗೆ ಎಬ್ಬಿಸುವುದು ಅವನ ಕೆಲಸ. ಹಾಗಾಗಿ ಊರಿನಲ್ಲಿ ಯಾರು ಎದ್ದಿದ್ದಾರೆ, ಯಾರು ಎದ್ದಂತೆ ನಟಿಸುತ್ತಿದ್ದಾರೆ ಎಂಬುದು ನಮ್ಮ ಮನೆಗೆ ಚೆನ್ನಾಗಿ ಗೊತ್ತಿತ್ತು.

ನಾಂದೋರ್ ಹುಟ್ಟಿದಾಗ ಅವನ ಹೆಸರು ಬ್ಲೌ ನಾಥಾನ್. ತಾಯಿ ಸೆರೆನ್ ವಿಧವೆ, ಹೆಬ್ಬಾತಿನ ಗರಿ ಬಿಡಿಸಿ ದಿಂಬಿಗೆ ತುಂಬಿ ಮಾರುವವಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಬೇಲಿ. ಹುಡುಗ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲಿ ಒಂದು ದಿನ ಸಂತೆಯಿಂದ ಓಡಿಬಂದು, ಕಟುಕರ ಬೀದಿ ಅರ್ಧ ಸುಟ್ಟುಹೋಯಿತು ಎಂದು ಕೂಗಿದ. ನಾವೆಲ್ಲ ಬಕೆಟ್ ಹಿಡಿದು ಓಡಿದೆವು. ನೋಡಿದರೆ ಒಂದು ಮನೆಯ ಹೊಗೆಗೂಡಿನಿಂದ ಸ್ವಲ್ಪ ಹೊಗೆ ಜಾಸ್ತಿ ಬರುತ್ತಿತ್ತು, ಅಷ್ಟೆ.

"ಅರ್ಧ ಬೀದಿ ಎಲ್ಲೋ ಸುಟ್ಟಿದ್ದು, ಕತ್ತೆ?" ಎಂದು ಸೆರೆನ್ ಅವನ ಕಿವಿ ಹಿಡಿದಳು.

"ಸುಟ್ಟಿದ್ರೆ ಹೇಳೋಕೆ ಎಷ್ಟು ಚೆನ್ನಾಗಿರ್ತಿತ್ತಮ್ಮಾ!" ಎಂದು ಅವನು ಅತ್ತ.

ಈ ಮಗ ಪತ್ರಕರ್ತನಾಗದೆ ಇನ್ನೇನಾಗಬೇಕು? ಪೆಶ್ಟಿಗೆ ಹೋದ. ಅಲ್ಲಿ ಯಾವುದೋ ಪತ್ರಿಕೆಯಲ್ಲಿ ನಾಟಕದ ನಟಿಯರ ಟೋಪಿಗಳ ಬಗ್ಗೆ ಬರೆಯುತ್ತಿದ್ದನಂತೆ. ವಾಪಸು ಬಂದಾಗ ಕೈಗೆ ಹಳದಿ ಕೈಗವಸು ತೊಟ್ಟಿದ್ದ, ಹಿಂದೆ ಗಾಡಿಯಲ್ಲಿ ಒಂದು ಹಳೆಯ ಅಚ್ಚಿನ ಯಂತ್ರ, ಜೊತೆಗೆ ಒಂದು ಹೊಸ ಹೆಸರು. ಆ ಕಾಲದಲ್ಲಿ ನಮ್ಮವರು ಅನೇಕರು ಸರ್ಕಾರಕ್ಕೆ ಅರ್ಜಿ ಹಾಕಿ ಹಂಗೇರಿಯನ್ ಹೆಸರು ಪಡೆಯುತ್ತಿದ್ದರು. ಸೆರೆನ್ ಒಂದೇ ಒಂದು ಷರತ್ತು ಹಾಕಿದ್ದಳು: "ಏನ್ ಬೇಕಾದ್ರೂ ಇಟ್ಕೋ, ಮೊದಲಕ್ಷರ ಮಾತ್ರ ಬದಲಾಯಿಸ್ಬೇಡ. ಅಷ್ಟೂ ದಿಂಬಿನ ಚೀಲದ ಮೇಲೆ ಕಸೂತಿ ಹಾಕಿದೀನಿ. ಬಿಚ್ಚೋಳು ಯಾರು, ಹಂಗೇರಿ ಸರ್ಕಾರವೇ?" ಹೀಗೆ ಬ್ಲೌ ನಾಥಾನ್ ಬಾರ್ನಾ ನಾಂದೋರ್ ಆದ. ದಿಂಬುಗಳಿಗೆ ತೊಂದರೆಯಾಗಲಿಲ್ಲ.

ಪತ್ರಿಕೆಗೆ 'ಸತ್ಯದ ಧ್ವನಿ' ಎಂದು ಹೆಸರಿಟ್ಟ. ಪ್ರತಿ ಶನಿವಾರ ಬರುತ್ತಿತ್ತು. ಹೆಸರಿನ ಕೆಳಗೆ ಪ್ರತಿ ಸಂಚಿಕೆಯಲ್ಲೂ ದಪ್ಪಕ್ಷರದಲ್ಲಿ ಒಂದು ಪ್ರತಿಜ್ಞೆ: ಈ ಪತ್ರಿಕೆಯಲ್ಲಿ ಒಂದು ಸುಳ್ಳು ಮಾತು ತೋರಿಸಿದವರ ಎದುರಿಗೇ ಸಂಪಾದಕನು ಲೇಖನಿ ಮುರಿದು ಊರು ಬಿಡುವನು. ಲಾಜರ್ ಅದನ್ನು ಓದಿ ಹೇಳಿದಾಗ ನಾನು, ಪಾಪ, ಯಾರೂ ತೋರಿಸದಿದ್ದರೆ ಸಾಕು ಎಂದುಕೊಂಡೆ. ಯಾರೂ ತೋರಿಸಲಿಲ್ಲ. ತೋರಿಸಲು ಹೊರಟರೆ ಎಲ್ಲಿಂದ ಶುರು ಮಾಡುವುದು?

ಯಂತ್ರ ಹಳೆಯದು, ತಿರುಗಿಸುವವನಿಗೆ ಶುಕ್ರವಾರ ಸಂಜೆಯಾದರೆ ಹೆಂಡದಂಗಡಿ ನೆನಪಾಗುತ್ತಿತ್ತು. ಆದ್ದರಿಂದ ಶುಕ್ರವಾರ ಮಧ್ಯಾಹ್ನವೇ ಎಲ್ಲ ಅಚ್ಚಾಗಿ ಮುಗಿಯಬೇಕು. ಆದರೆ ಊರಿನ ಮುಖ್ಯ ಸಂಗತಿಗಳೆಲ್ಲ ಶುಕ್ರವಾರ ಸಂಜೆಯೇ ನಡೆಯುತ್ತಿದ್ದವು. ನಾಂದೋರ್ ಅವಕ್ಕಾಗಿ ಕಾಯುತ್ತಿರಲಿಲ್ಲ, ಮುಂಚೆಯೇ ಬರೆದುಬಿಡುತ್ತಿದ್ದ. ಒಮ್ಮೆ ಅಂಚೆ ಅಧಿಕಾರಿಯ ಹೆಂಡತಿಯ ಹಾಡುಗಾರಿಕೆ ಇತ್ತು. ಮಳೆ ಬಂದು ಚಾವಣಿ ಸೋರಿ ಕಾರ್ಯಕ್ರಮ ನಿಂತೇ ಹೋಯಿತು. ಮಾರನೆಯ ದಿನ ಪತ್ರಿಕೆಯಲ್ಲಿ, ಆಕೆಯ ಕೊನೆಯ ಎತ್ತರದ ಸ್ವರಕ್ಕೆ ಸಭೆ ಎದ್ದು ನಿಂತಿತು ಎಂದಿತ್ತು. ಆಕೆ ಅದನ್ನು ಕತ್ತರಿಸಿ ಕನ್ನಡಿ ಹಾಕಿಸಿ ಗೋಡೆಗೆ ತಗಲಿಸಿದಳು. ಅಂದು ಹಾಡಿದ್ದೆ ಎಂದು ಈಗಲೂ ಹೇಳುತ್ತಾಳೆ.

ನಾಂದೋರ್ ದೇವರನ್ನು ನಂಬುತ್ತಿರಲಿಲ್ಲ. ಅದು ದೇವರಿಗೂ ಅವನಿಗೂ ಬಿಟ್ಟ ವಿಷಯ. ಆದರೆ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ರಾತ್ರಿಯವರೆಗೆ ನಾವು ಕೆಲಸ ಬಿಟ್ಟು ಆಚರಿಸುವ ಸಬ್ಬತ್‌ನ ಕಟ್ಟಳೆಗಳನ್ನು ಪತ್ರಿಕೆಯಲ್ಲಿ ಜೇಡರ ಬಲೆ ಎಂದು ಕರೆದಿದ್ದ. ಬಲೆ ಹರಿದು ಹೊರಗೆ ಬನ್ನಿ ಎಂದು ನಮ್ಮನ್ನು ಕರೆಯುತ್ತಿದ್ದ. ಅವನು ಪಾರ್ಲಿಮೆಂಟಿಗೆ ನಿಲ್ಲುತ್ತೇನೆ ಎಂದು ಹೇಳಿದ ವಾರದಿಂದ ಬಲೆಯ ಸುದ್ದಿ ನಿಂತಿತು. ಅವನೇ ಮಂದಿರಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ. ಪ್ರಾರ್ಥನೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದ ಎಂದು ಲಾಜರ್ ಆಣೆ ಮಾಡಿ ಹೇಳುತ್ತಿದ್ದ.

ಎದುರಾಳಿ ಸರ್ಕಾರದ ಪಕ್ಷದ ಜಮೀನ್ದಾರ, ಕಪೋಲ್ನಾಯ್ ದೊರೆ. ಅವನಿಗೆ ಭಾಷಣ ಬರುತ್ತಿರಲಿಲ್ಲ, ಬರಬೇಕಾದ ಅಗತ್ಯವೂ ಇರಲಿಲ್ಲ. ಅವನ ಪರವಾಗಿ ಓಡಾಡುವವನು ನಮ್ಮವನೇ, ಸಾರಾಯಿ ಬಟ್ಟಿಯ ಗುತ್ತಿಗೆದಾರ ಗ್ಲಾಸ್‌ನರ್ ಇಗ್ನಾತ್ಸ್. ಚುನಾವಣೆ ತೀರ ಬಿಗಿಯಾಗಿತ್ತು. ಓಟು ಹಾಕುವ ಹಕ್ಕು ಆಸ್ತಿ ಇದ್ದ ಕೆಲವೇ ಗಂಡಸರಿಗೆ. ಲೆಕ್ಕ ಬಲ್ಲವರು ಹೇಳಿದ್ದು ಇಷ್ಟು: ನಮ್ಮ ಮಂದಿರದ ಓಟುಗಳು ಬಿದ್ದರೆ ನಾಂದೋರ್ ಗೆದ್ದ, ಬೀಳದಿದ್ದರೆ ಸೋತ. ಅದು ಸರ್ಕಾರದ ಅಧಿಕಾರಿಗಳಿಗೂ ಗೊತ್ತಾಯಿತು. ಮತದಾನವನ್ನು ಪಕ್ಕದ ಹೋಮೊಕ್ ಊರಿನಲ್ಲಿ, ಅದೂ ಶನಿವಾರದ ದಿನ ಇಟ್ಟರು. ಬೇಕೆಂದು ಅಲ್ಲ, ಅಂದು ಬಿಡುವಿತ್ತಂತೆ.

ಓಟು ಹಾಕುವುದೇನೋ ಸಬ್ಬತ್ ಮುರಿದಂತಲ್ಲ. ಆಗ ಚೀಟಿ ಇರಲಿಲ್ಲ. ಅಧಿಕಾರಿಯ ಮೇಜಿನ ಮುಂದೆ ನಿಂತು ಅಭ್ಯರ್ಥಿಯ ಹೆಸರು ಗಟ್ಟಿಯಾಗಿ ಹೇಳಬೇಕು, ಬರೆದುಕೊಳ್ಳುವವರು ಬರೆದುಕೊಳ್ಳುತ್ತಾರೆ. ಬಾಯಿ ತೆರೆಯುವುದಕ್ಕೆ ನಮ್ಮಲ್ಲಿ ಯಾವ ದಿನವೂ ನಿಷೇಧವಿಲ್ಲ. ತೊಂದರೆ ದಾರಿಯದು. ಸಬ್ಬತ್ ದಿನ ಗಾಡಿ ಏರುವಂತಿಲ್ಲ, ಊರಿನ ಕೊನೆಯ ಮನೆ ದಾಟಿ ಗೊತ್ತಾದ ದೂರದವರೆಗೆ ಮಾತ್ರ ನಡೆಯಬಹುದು. ಹೋಮೊಕ್ ಆ ಗಡಿಯ ಆಚೆ. ಶುಕ್ರವಾರವೇ ಹೋಗಿ ತಂಗೋಣವೆಂದರೆ ಅಲ್ಲಿ ನಮ್ಮವರದು ಒಂದೇ ಮನೆ, ಮುದುಕ ಜೆಲಿಗ್‌ನದು. ಅದರಲ್ಲಿ ಜೆಲಿಗ್ ಮಲಗಿದರೆ ಕಾಲು ಹೊರಗೆ.

ಇದಕ್ಕೆ ನಮ್ಮ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ. ಶುಕ್ರವಾರ ಬೆಳಕಿರುವಾಗಲೇ ಆ ಗಡಿಯಲ್ಲಿ, ಹೋಗುವವರ ಪಾಲಿನ ಊಟ ಇಟ್ಟು ಬರಬೇಕು. ಊಟ ಎಲ್ಲಿದೆಯೋ ಅಲ್ಲಿ ಮನೆ ಎಂದು ಲೆಕ್ಕ. ಅಲ್ಲಿಂದ ಮತ್ತಷ್ಟು ದೂರ ನಡೆಯಬಹುದು. ಅದನ್ನು ಎರುವ್ ಎನ್ನುತ್ತೇವೆ. ಸೂರ್ಯ ಮುಳುಗಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಆ ಊಟ ಅಲ್ಲೇ ಇರಬೇಕು. ಅದಕ್ಕೆ ಮೊದಲೇ ಯಾರಾದರೂ ತಿಂದರೆ ಎರುವ್ ಕೆಟ್ಟಿತು, ಯಾರೂ ಗಡಿ ದಾಟುವಂತಿಲ್ಲ. ಆಮೇಲೆ ತಿಂದರೆ ಯಾವ ಬಾಧಕವೂ ಇಲ್ಲ, ಮನೆ ಅಷ್ಟರಲ್ಲಿ ಸ್ಥಾಪನೆಯಾಗಿರುತ್ತದೆ. ಆದರೆ ಎರುವ್ ಇಡುವುದು ಪುಣ್ಯದ ಕೆಲಸಕ್ಕೆ ಹೋಗುವವರಿಗೆ ಮಾತ್ರ. ಲಾಜರ್ ಅದನ್ನೇ ಕೇಳಲು ನಮ್ಮ ಧರ್ಮಗುರು ರಬ್ಬಿ ಪೆರ್ಲ್‌ಶ್ಟೈನ್ ಅವರ ಹತ್ತಿರ ಹೋದ. ನಾನು ಅಲ್ಲಿ ಅವರ ಹೆಂಡತಿಯ ಜೊತೆ ಹೆಬ್ಬಾತಿನ ಕೊಬ್ಬು ಕರಗಿಸುತ್ತಿದ್ದೆ.

"ರಬ್ಬಿಗಳೇ, ನಾಥಾನ್‌ನ ಪಾರ್ಲಿಮೆಂಟಿಗೆ ಕಳ್ಸೋದು ಪುಣ್ಯದ ಕೆಲಸವಾ?"

ರಬ್ಬಿಗಳು ಗಡ್ಡ ಕೆರೆದುಕೊಂಡರು. "ಅವನು ಪೆಶ್ಟಲ್ಲಿರೋಷ್ಟು ದಿನ ಊರಿಗೆ ನೆಮ್ಮದಿ. ಆದ್ರೂ ಲಾಜರ್, ಯಾವ ಗ್ರಂಥದಲ್ಲೂ ಹಾಗೆ ಬರೆದಿಲ್ಲ."

"ಹಾಗಾದ್ರೆ ಬೇಡ್ವಾ?"

"ಹೋಮೊಕ್‌ನಲ್ಲಿ ಜೆಲಿಗ್‌ಗೆ ಮೈ ಸರಿಯಿಲ್ಲ ಅಲ್ವಾ? ರೋಗಿನ ನೋಡೋಕೆ ಹೋಗೋದು ಪುಣ್ಯ. ಎಲ್ರೂ ಹೋಗಿ ಅವನ ಕಾಲ್ದೆಸೆ ನಿಂತು ಹೇಗಿದೀರಿ ಅಂತ ಕೇಳ್ಲಿ. ಬರ್ತಾ ದಾರೀಲಿ ಮೇಜಿನ ಹಿಂದೆ ಕೂತೋರು ಯಾರಾದ್ರೂ ಏನಾದ್ರೂ ಕೇಳಿದ್ರೆ ಉತ್ತರ ಕೊಡೋದು ಮರ್ಯಾದೆ."

"ಜೆಲಿಗ್‌ಗೆ ಶನಿವಾರದೊಳಗೆ ವಾಸಿಯಾಗಿಬಿಟ್ರೆ?" ಎಂದು ಅವರ ಹೆಂಡತಿ ಒಲೆಯ ಕಡೆಯಿಂದ ಕೇಳಿದರು.

"ಆಗದೆ ಇರ್ಲಿ ಅಂತ ಪ್ರಾರ್ಥನೆ ಮಾಡೋ ಹಾಗಿಲ್ಲ ಕಣೇ. ಸುಮ್ನಿರು."

ಹೀಗೆ ನನ್ನ ಪಾಲಿಗೆ ಕೆಲಸ ಬಂತು. ಓಟಿದ್ದ ಅಷ್ಟೂ ಗಂಡಸರ ಪಾಲಿನ ಜಡೆರೊಟ್ಟಿ ಬೇಯಿಸಿದೆ. ಮೊಟ್ಟೆ ಸವರಿ ಗಸಗಸೆ ಉದುರಿಸಿದೆ. ತಿನ್ನುವವರು ಯಾರೂ ಇಲ್ಲವೆಂದು ಕೆಟ್ಟದಾಗಿ ಬೇಯಿಸಲು ಆಗುತ್ತದೆಯೇ? ಶುಕ್ರವಾರ ಮಧ್ಯಾಹ್ನ ಲಾಜರ್ ಬುಟ್ಟಿ ಹೊತ್ತುಕೊಂಡು ಹೋಗಿ ಹೋಮೊಕ್ ದಾರಿಯ ಏತದ ಬಾವಿಯ ಪಕ್ಕದ ಜೊಂಡಿನ ಗುಡಿಸಲಿನಲ್ಲಿಟ್ಟ. ಅಲ್ಲಿ ಕುರುಬ ಚೋರ್ಬಾ ಮಿಹಾಯ್ ಇರುತ್ತಿದ್ದ. ಕ್ರೈಸ್ತನಾದರೂ ನಮ್ಮ ಕಟ್ಟಳೆಗಳನ್ನು ನಮ್ಮ ಕೆಲವರಿಗಿಂತ ನೆಟ್ಟಗೆ ಪಾಲಿಸುತ್ತಿದ್ದ. "ಮೂರು ನಕ್ಷತ್ರ ಕಾಣೋ ತನಕ ಯಾರೂ ಮುಟ್ಟಬಾರ್ದು. ಆಮೇಲೆ ನಿಂಗೆ ಬಿಟ್ಟಿದ್ದು" ಎಂದು ಲಾಜರ್ ಅವನಿಗೆ ಒಪ್ಪಿಸಿ ಬಂದ.

ಅದೇ ಹೊತ್ತಿಗೆ ನಾಂದೋರನ ಯಂತ್ರ ಗಡಗಡ ತಿರುಗುತ್ತಿತ್ತು. ಬೀದಿಗೆಲ್ಲ ಕೇಳಿಸುತ್ತಿತ್ತು. ಮತದಾನದ ದಿನದ ಸಂಚಿಕೆಯಲ್ಲವೇ, ಮುಖಪುಟಕ್ಕೆ ಅವನು ಒಂದು ಮುದ್ದಾದ ಲೇಖನ ಬರೆದಿದ್ದ: ಶುಕ್ರವಾರ ಸಂಜೆ ಅಭ್ಯರ್ಥಿಯು ಏತದ ಬಾವಿಯ ಬಳಿ ಬಡ ಕುರುಬನೊಂದಿಗೆ ನೆಲದ ಮೇಲೆ ಕುಳಿತು ರೊಟ್ಟಿ ಹಂಚಿಕೊಂಡು ತಿಂದನೆಂದು. ಕುರುಬನಿಗೆ ಓಟಿಲ್ಲ, ನಿಜ, ಆದರೆ ಓದುವವರಿಗಿತ್ತು. ಯಾವ ರೊಟ್ಟಿ, ಎಲ್ಲಿಂದ ಬಂತು ಎಂಬುದನ್ನು ಅವನು ಯೋಚಿಸಿರಲಿಲ್ಲ. ಎರುವ್ ಸಂಗತಿ ಲಾಜರ್ ಹೇಳಲು ಹೋದಾಗ, "ಆ ಜೇಡರ ಬಲೆ ನಿಮ್ಗೆ ಬಿಟ್ಟಿದೀನಪ್ಪ, ಜನ ಬಂದ್ರೆ ಸಾಕು" ಎಂದು ಕೈ ಬೀಸಿದ್ದ.

ಒಂದು ವಿಷಯದಲ್ಲಿ ಅವನನ್ನು ಮೆಚ್ಚಬೇಕು. ಬರೆದದ್ದನ್ನು ಆಮೇಲಾದರೂ ಮಾಡಿ ಮುಗಿಸುವ ಪ್ರಾಮಾಣಿಕತೆ ಅವನಿಗಿತ್ತು. ಆ ಸಂಜೆ ಗಾಡಿ ಕಟ್ಟಿಸಿಕೊಂಡು ಬಾವಿಯ ಕಡೆ ಹೊರಟ. ದಾರಿಯ ಹೆಂಡದಂಗಡಿಗಳಲ್ಲೆಲ್ಲ ಕೈ ಕುಲುಕಿ ತಲುಪುವಷ್ಟರಲ್ಲಿ ಸೂರ್ಯ ಅವನ ಲೇಖನಕ್ಕಾಗಿ ಕಾಯದೆ ಮುಳುಗಿಬಿಟ್ಟಿದ್ದ. ಮುಂದಿನದನ್ನು ಮಿಹಾಯ್ ನನಗೆ ಆಮೇಲೆ ಹೇಳಿದ್ದು.

"ತಿನ್ನೋಕೆ ಹಂದಿ ಕೊಬ್ಬಿದೆ ಯಜಮಾನ್ರೇ. ಈರುಳ್ಳಿ ಇದೆ" ಎಂದನಂತೆ ಮಿಹಾಯ್.

"ನಾಳೆ ಚುನಾವಣೆ ಮಿಹಾಯ್. ಹಂದಿ ಭಾನುವಾರದ ಮೇಲೆ ನೋಡೋಣ. ರೊಟ್ಟಿ ಇಲ್ವಾ? ರೊಟ್ಟಿನೇ ಆಗ್ಬೇಕು. ಆ ಬುಟ್ಟೀಲೇನು?"

"ನಿಮ್ಮೋರ ರೊಟ್ಟಿ. ಲಾಜರ್ ಇಟ್ಟಿದಾನೆ. ಮೂರು ನಕ್ಷತ್ರ ಬರೋಗಂಟ ಮುಟ್ಟಂಗಿಲ್ಲ."

"ಯಾಕಂತೆ?"

"ಅದು ನಿಮ್ಮ ದೇವ್ರು. ನನ್ನ ಕೇಳಿದ್ರೆ?"

ಪಡುವಣ ದಿಕ್ಕಿನಲ್ಲಿ ಮೋಡವಿತ್ತು. ಒಂದು ನಕ್ಷತ್ರ ಬಂತು, ಎರಡನೆಯದೂ ಬಂತು, ಮೂರನೆಯದು ಬರಲೊಲ್ಲದು. ಅಭ್ಯರ್ಥಿ ಬುಟ್ಟಿಗೆ ಕೈ ಹಾಕಿದಾಗಲೆಲ್ಲ ಮಿಹಾಯ್ ತನ್ನ ಕೋಲನ್ನು ಅಡ್ಡ ಇಡುತ್ತಿದ್ದನಂತೆ. ಜೇಡರ ಬಲೆಯನ್ನು ಹರಿಯಿರೆಂದು ಬರೆದವನು ಒಬ್ಬ ಕುರುಬನ ಕೋಲಿನ ಮುಂದೆ ಆಕಾಶ ನೋಡುತ್ತ ಕುಳಿತಿದ್ದ. ಮೂರನೆಯದು ಕಂಡ ಮೇಲೆ ಇಬ್ಬರೂ ಹೊಟ್ಟೆ ತುಂಬ ತಿಂದರು, ಉಳಿದದ್ದನ್ನು ನಾಯಿಗಳಿಗೆ ಹಾಕಿದರು. ನಮ್ಮ ಕಟ್ಟಳೆಯ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು. ಮಿಹಾಯ್ ಬೆಳಕು ಹರಿಯುವ ಮುಂಚೆ ಕುರಿಗಳನ್ನು ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೋದ.

ಶನಿವಾರ ಬೆಳಗಿನ ಪ್ರಾರ್ಥನೆ ಮುಗಿಯಿತು. ನಮ್ಮ ಗಂಡಸರು ಒಳ್ಳೆಯ ಕೋಟು ತೊಟ್ಟು, ಜೆಲಿಗ್‌ನ ಆರೋಗ್ಯ ವಿಚಾರಿಸುವ ಮುಖ ಮಾಡಿಕೊಂಡು ಅಂಗಳದಲ್ಲಿ ಸೇರಿದರು. ನಾವು ಹೆಂಗಸರು ಮೆಟ್ಟಿಲ ಮೇಲೆ ನಿಂತಿದ್ದೆವು. ಅವರನ್ನು ಬೀಳ್ಕೊಡಲು ನಾಂದೋರನೇ ಬಂದ, ಕಾಲ್ನಡಿಗೆಯಲ್ಲಿ. ಗಾಡಿಯನ್ನು ಮೂಲೆಯ ಆಚೆ ನಿಲ್ಲಿಸಿದ್ದ. ಕುದುರೆ ಕೆನೆದದ್ದು ಯಾರಿಗೂ ಕೇಳಿಸಲಿಲ್ಲ ಎಂದು ನಾವೆಲ್ಲ ಒಪ್ಪಿಕೊಂಡೆವು. ಅವನ ಪಕ್ಕದಲ್ಲಿ ಪೆಶ್ಟಿನ ಪತ್ರಿಕೆಯೊಂದರಿಂದ ಬಂದಿದ್ದ ವರದಿಗಾರ, ಗಾಜಿನ ಕಣ್ಣಿನ ಯುವಕ.

ಆಗ ಗ್ಲಾಸ್‌ನರ್ ಬಂದ. ಸಬ್ಬತ್ ದಿನ ಬೀದಿಯಲ್ಲಿ ಏನನ್ನೂ ಹೊರಬಾರದಲ್ಲ, ಧರ್ಮಿಷ್ಠ ಮನುಷ್ಯ; ಆದ್ದರಿಂದ 'ಸತ್ಯದ ಧ್ವನಿ'ಯನ್ನು ತನ್ನ ಕ್ರೈಸ್ತ ಗಾಡಿಯವನ ಕೈಯಲ್ಲಿ ಹಿಡಿಸಿಕೊಂಡು ಬಂದಿದ್ದ.

"ಎಲ್ಲಿಗೆ ಹೊರಟ್ರಿ ಸ್ವಾಮಿ ಎಲ್ಲಾ?"

"ಜೆಲಿಗ್‌ನ ನೋಡೋಕೆ" ಎಂದರು ನಮ್ಮವರು ಒಂದೇ ಉಸಿರಿಗೆ.

"ಪಾಪ, ಅಷ್ಟೊಂದು ಜನಾನಾ? ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾನೆ. ಆದ್ರೆ ಎರುವ್ ಎಲ್ಲಿದೆ? ನನ್ನ ಗಾಡಿಯೋನು ಬೆಳಿಗ್ಗೆ ನೋಡ್ಕೊಂಡು ಬಂದ. ಬುಟ್ಟಿ ಖಾಲಿ."

"ರಾತ್ರಿ ತಿಂದ್ರೆ ದೋಷವಿಲ್ಲ" ಎಂದ ಲಾಜರ್.

"ರಾತ್ರಿ ಅಂತ ಯಾರು ಹೇಳಿದ್ರು? ಹಿಡ್ಕೊಳ್ಳೋ ಇಸ್ತ್ವಾನ್, ನೆಟ್ಟಗೆ ಹಿಡಿ." ಗಾಡಿಯವನು ಪತ್ರಿಕೆ ಅಗಲಿಸಿ ಹಿಡಿದ. ಗ್ಲಾಸ್‌ನರ್ ಕೈ ಹಿಂದೆ ಕಟ್ಟಿ ಓದಿದ: "'ಮುಳುಗಲಿರುವ ಸೂರ್ಯನ ಹೊನ್ನಿನ ಬಿಸಿಲು ಅಭ್ಯರ್ಥಿಯ ವಿಶಾಲವಾದ ಹಣೆಯನ್ನು ಬೆಳಗುತ್ತಿರಲು, ಅವರು ಬಾವಿಯ ಬಳಿ ರೊಟ್ಟಿಯನ್ನು ಮುರಿದು ಬಾಯಿಗಿಟ್ಟರು.' ಬಿಸಿಲು ಸ್ವಾಮಿ, ಬಿಸಿಲು! ನಿಮ್ಮ ಅಭ್ಯರ್ಥಿ ನಿಮ್ಮ ದಾರೀನೇ ತಿಂದುಬಿಟ್ಟಿದಾರೆ. ಮನೆಗೆ ಹೋಗಿ, ಊಟ ಆರುತ್ತೆ."

ರಬ್ಬಿಗಳು ಮುಂದೆ ಬಂದರು. ಅವರಿಗೆ ನಾಂದೋರ್ ಎಂದರೆ ಅಷ್ಟಕ್ಕಷ್ಟೆ, ಆದರೆ ಶನಿವಾರ ಮತದಾನ ಇಟ್ಟವರನ್ನು ಕಂಡರೆ ಅಷ್ಟೂ ಇರಲಿಲ್ಲ.

"ನಾಂದೋರ್, ಈ ಪತ್ರಿಕೆ ಅಚ್ಚಾಗಿದ್ದು ನಿನ್ನೆ ಮಧ್ಯಾಹ್ನ. ನಮ್ಮನೆ ಕಿಟಕಿ ಎಲ್ಲಾ ಅದುರಿದೆ. ಸಂಜೆ ವಿಷಯ ಅದರೊಳಗೆ ಹೇಗಪ್ಪ ಬಂತು?"

ಪೆಶ್ಟಿನ ವರದಿಗಾರ ಕಿವಿ ನೆಟ್ಟಗೆ ಮಾಡಿದ. ನಾಂದೋರ್ ಅವನನ್ನು ನೋಡಿದ, ಆಮೇಲೆ ಪತ್ರಿಕೆಯನ್ನು ನೋಡಿದ. ಗಾಡಿಯವನ ಹೆಬ್ಬೆರಳು ಸರಿಯಾಗಿ ಆ ಪ್ರತಿಜ್ಞೆಯ ಪಕ್ಕದಲ್ಲಿತ್ತು.

"ಆ ಪುಟಕ್ಕೋಸ್ಕರ ಯಂತ್ರ ನಿಲ್ಲಿಸಿ ಕಾಯಿಸಿದ್ದೆ" ಎಂದ.

"ಇರ್ಲಿ, ಹಾಗೇ ಇರ್ಲಿ" ಎಂದರು ರಬ್ಬಿಗಳು ಮಗುವಿಗೆ ಔಷಧಿ ಕುಡಿಸುವವರಂತೆ. "ಕವಿತ್ವದಲ್ಲಿ ಒಂದು ಬಿಸಿಲು ಸೇರಿಕೊಂಡಿರುತ್ತೆ, ತಪ್ಪಲ್ಲ. ನನಗೆ ಬೇಕಾಗಿರೋದು ಒಂದೇ. ನೀನು ತಿನ್ನೋವಾಗ ಮೂರು ನಕ್ಷತ್ರ ಕಾಣಿಸ್ತಿತ್ತಾ?"

ನಾಂದೋರ್ ಮತ್ತೆ ವರದಿಗಾರನ ಕಡೆ ತಿರುಗಿದ.

"ಯೋಚ್ನೆ ಮಾಡಿ ಹೇಳು. ಕಾಣಿಸ್ತಿತ್ತು ಅಂದ್ರೆ ಇವರೆಲ್ಲ ಈಗ್ಲೇ ಹೊರಡ್ತಾರೆ. ನೆನಪಿಲ್ಲ ಅಂದ್ರೂ ಹೊರಡಬಹುದು. ಅನುಮಾನ ಇದ್ದಾಗ ಕಟ್ಟಳೆ ನಮ್ಮ ಕಡೆಗೇ ವಾಲುತ್ತೆ. ನೆನಪಿಲ್ಲ ಅಲ್ವಾ ನಾಂದೋರ್?"

ಇಷ್ಟು ಅಗಲವಾದ ಬಾಗಿಲನ್ನು ಯಾವ ಅಭ್ಯರ್ಥಿಗೂ ಯಾರೂ ತೆರೆದುಕೊಟ್ಟಿರಲಿಕ್ಕಿಲ್ಲ. ಮೆಟ್ಟಿಲ ಮೇಲಿನಿಂದ ಬೇಕರಿಯ ಗಿಟ್ಟೆಲ್ ತಡೆಯಲಾರದೆ ಕೂಗಿದಳು: "ನೆನಪಿಲ್ಲ ಅನ್ನೋ ನಾಥಾನ್! ನಿಮ್ಮಮ್ಮ ಏನ್ ಕೆಲಸ ಮಾಡ್ತಾಳೆ ಅಂತ ಪೆಶ್ಟಿನೋರು ಕೇಳಿದಾಗ ನೆನಪಿಲ್ಲ ಅಂದ್ಯಂತಲ್ಲ, ಅದೇ ಥರ ಅನ್ನು!"

ಹೆಂಗಸರು ನಕ್ಕರು. ಸೆರೆನ್ ಮಾತ್ರ ನಗಲಿಲ್ಲ. ನಾಂದೋರನ ಕಿವಿ ಕೆಂಪಾಯಿತು. ಅವನ ಮುಂದೆ ಎರಡಿದ್ದವು. ಒಂದು ಕಡೆ ಪಾರ್ಲಿಮೆಂಟಿನ ಸೀಟು, ಚಿಕ್ಕಂದಿನಿಂದ ಕನಸು ಕಂಡದ್ದು. ಇನ್ನೊಂದು ಕಡೆ, ತಾನು ಬರೆದದ್ದು ಸುಳ್ಳೆಂದು ಪೆಶ್ಟಿನವ ಬರೆದುಕೊಳ್ಳುವಂತೆ ಎಲ್ಲರೆದುರು ಹೇಳುವುದು. ಸೀಟಿಗಾಗಿ ಅವನು ಮಂದಿರಕ್ಕೆ ಬಂದಿದ್ದ, ಹಂದಿ ಬಿಟ್ಟಿದ್ದ, ಹಸಿದು ನಕ್ಷತ್ರ ಎಣಿಸಿದ್ದ. ನಿಜ ಹೇಳುವುದೊಂದು ಬಾಕಿ ಇತ್ತು. ನೆನಪಿಲ್ಲ ಎಂದಿದ್ದರೂ ನಡೆಯುತ್ತಿತ್ತು. ಆದರೆ ತನ್ನ ಸಂಜೆಯೇ ನೆನಪಿಲ್ಲದ ಸಂಪಾದಕನ ಪತ್ರಿಕೆಯನ್ನು ಯಾರು ಓದುತ್ತಾರೆ?

ಅವನು ಟೋಪಿ ತೆಗೆದ. ಧ್ವನಿ ನಡುಗುತ್ತಿತ್ತು, ಆದರೆ ಚೆನ್ನಾಗಿತ್ತು.

"'ಸತ್ಯದ ಧ್ವನಿ'ಯಲ್ಲಿ ಬಿಸಿಲು ಅಂತ ಅಚ್ಚಾಗಿದ್ರೆ, ಬಿಸಿಲೇ ಇತ್ತು. ಒಂದು ಸೀಟಿಗೋಸ್ಕರ ನಾನು ಸೂರ್ಯನ್ನ ಮುಳುಗಿಸೋನಲ್ಲ."

ರಬ್ಬಿಗಳು ಕಣ್ಣು ಮುಚ್ಚಿಕೊಂಡರು. ಗ್ಲಾಸ್‌ನರ್ ಕೂಡ ಕ್ಷಣ ಕಾಲ ಬಾಯಿ ತೆರೆದು ನಿಂತ. ಗೆಲ್ಲುವುದು ಇಷ್ಟು ಸುಲಭವೆಂದು ಅವನಿಗೂ ಗೊತ್ತಿರಲಿಲ್ಲ. ನಮ್ಮ ಗಂಡಸರು ಒಳ್ಳೆಯ ಕೋಟುಗಳಲ್ಲಿಯೇ ಮನೆಗೆ ಹೋಗಿ, ಬೇಕರಿಯ ಒಲೆಯಲ್ಲಿ ಇಡೀ ರಾತ್ರಿ ಬೆಂದಿದ್ದ ಹುರುಳಿಕಾಯಿ ಬೀಜದ ಶೋಲೆತ್ ತಿಂದು ಮಲಗಿದರು. ಹೋಮೊಕ್‌ನಲ್ಲಿ ಜೆಲಿಗ್ ಯಾರೂ ಬರಲಿಲ್ಲವೆಂದು ಬೇಸರ ಮಾಡಿಕೊಂಡು ಎದ್ದು ಓಡಾಡತೊಡಗಿದ. ಸಂಜೆಯ ಹೊತ್ತಿಗೆ ಕಪೋಲ್ನಾಯ್ ದೊರೆ ಗೆದ್ದಿದ್ದ, ನಮ್ಮ ಓಟುಗಳು ಎಷ್ಟಿದ್ದವೋ ಅದಕ್ಕಿಂತ ಕಡಿಮೆ ಅಂತರದಲ್ಲಿ.

ಸೆರೆನ್ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದಳು. "ರೆಜಿ, ನನ್ ಮಗ ನಿಜ ಹೇಳಿದ್ನಾ?"

"ಗೊತ್ತಿಲ್ಲ ಸೆರೆನಕ್ಕ."

"ನಂಗೂ ಅದೇ ಭಯ" ಎಂದಳು ಅವಳು. "ಹೇಳಿಬಿಟ್ಟಿದ್ರೆ, ಯಾರ ಬುದ್ಧಿ ಬಂತೋ ಅಂತ."

ಅವಳ ಭಯ ಕೆಲವೇ ದಿನಗಳಲ್ಲಿ ನಿವಾರಣೆಯಾಯಿತು. ಮಿಹಾಯ್ ಹುಲ್ಲುಗಾವಲಿನಿಂದ ಬಂದವನು ಗಿಣ್ಣು ಕೊಡಲು ನಮ್ಮನೆಗೆ ಬಂದು, ರೊಟ್ಟಿ ಚೆನ್ನಾಗಿತ್ತಮ್ಮಾ ಎಂದು ಶುರು ಮಾಡಿ ಕೋಲು, ಮೋಡ, ಮೂರು ನಕ್ಷತ್ರ ಎಲ್ಲವನ್ನೂ ಹೇಳಿದ. ನಾನೂ ಲಾಜರನೂ ಅವನನ್ನು ನೇರವಾಗಿ ರಬ್ಬಿಗಳ ಹತ್ತಿರ ಕರೆದುಕೊಂಡು ಹೋದೆವು. ಅವರು ಗಡ್ಡ ಹಿಡಿದುಕೊಂಡು ಪೂರ್ತಿ ಕೇಳಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು.

"ಸುಳ್ಳು ಹೇಳಿ ಸೀಟು ಗಿಟ್ಟಿಸಿದೋರ್ನ ಬೇಕಾದಷ್ಟು ನೋಡಿದೀನಿ. ಸುಳ್ಳು ಹೇಳಿ ಕಳ್ಕೊಂಡೋನು ಇವನೇ ಮೊದಲ್ನೆಯವನು!"

"ಊರಿಗೆ ಹೇಳೋದು ಬೇಡ್ವಾ ರಬ್ಬಿಗಳೇ?"

"ಹೇಳಿ, ಬೇಡ ಅಂದೋರು ಯಾರು. ಪೆಶ್ಟಿನ ಪತ್ರಿಕೆ ಬಂದಿದೆ, ಮೊದ್ಲು ಅದನ್ನ ಓದ್ಕೊಳ್ಳಿ."

ಆ ಗಾಜಿನ ಕಣ್ಣಿನವನು ಎರಡು ಅಂಕಣ ತುಂಬ ಬರೆದಿದ್ದ. ಒಂದು ಪುಟ್ಟ ಸುಳ್ಳಿನಿಂದ ದೇಶದ ಅತ್ಯುನ್ನತ ಸಭೆಯ ಸ್ಥಾನ ಸಿಗುವಂತಿದ್ದರೂ ಅದನ್ನು ಒದ್ದು ಸತ್ಯವನ್ನು ಅಪ್ಪಿಕೊಂಡ ಹಳ್ಳಿಯ ಸಂಪಾದಕ! ಇನ್ನೂ ಇಂಥವರಿದ್ದಾರೆಯೇ ಎಂದು ಕೊನೆಗೆ ಕೇಳಿದ್ದ. ನಾವು ಊರಿಗೆ ಹೇಳಿದೆವು. ಊರು ನಗುತ್ತ ಕೇಳಿತು, ಪೆಶ್ಟಿನ ಪತ್ರಿಕೆಯನ್ನು ಒಮ್ಮೆ ನೋಡಿತು, ಕುರುಬ ಕುಡಿದಿರಬೇಕು ಎಂದು ತೀರ್ಮಾನಿಸಿತು. ನಮ್ಮ ಊರಿನ ಹೆಸರು ಅಲ್ಲಿಯವರೆಗೆ ಪೆಶ್ಟಿನ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಬಂದದ್ದನ್ನು ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ?

ಮುಂದಿನ ಚುನಾವಣೆಗೆ ನಾಂದೋರನನ್ನು ನಿಲ್ಲಿಸಿದ್ದು ಸರ್ಕಾರದ ಪಕ್ಷವೇ. ಅವರಿಗೆ ಒಬ್ಬ ಸತ್ಯವಂತ ಬೇಕಾಗಿದ್ದ. ತಮ್ಮೊಳಗೆ ಹುಡುಕಿ ಸುಸ್ತಾಗಿದ್ದರು. ಗ್ಲಾಸ್‌ನರ್ ಮನೆ ಮನೆಗೆ ಓಡಾಡಿ, "ಇವರ ಬಾಯಲ್ಲಿ ಸುಳ್ಳು ಬರಲ್ಲ, ನಾನೇ ಕಣ್ಣಾರೆ ನೋಡಿದೀನಿ" ಎಂದು ಓಟು ಕೇಳಿದ. ಮತದಾನವನ್ನು ಮಂಗಳವಾರ ಇಟ್ಟರು. ನಾಂದೋರ್ ಸುಲಭವಾಗಿ ಗೆದ್ದ, ಆಮೇಲೆಯೂ ಗೆಲ್ಲುತ್ತಲೇ ಹೋದ. ಪಾರ್ಲಿಮೆಂಟಿನಲ್ಲಿ ಒಮ್ಮೆ ಎದ್ದು, ಶನಿವಾರ ಮತದಾನ ಇಡಬಾರದು ಎಂದು ಶುರು ಮಾಡಿದನಂತೆ. ಪಕ್ಷದ ಮುಖಂಡರು ಕೋಟಿನ ಹಿಂಬದಿ ಎಳೆದರು. ಕೂತ. ಘನತೆಯಿಂದ ಕೂತರು ಎಂದು 'ಸತ್ಯದ ಧ್ವನಿ' ಬರೆಯಿತು.

ಪ್ರತಿ ಚುನಾವಣೆಯಲ್ಲೂ ರೊಟ್ಟಿಯ ಕಥೆ ಹೇಳಲೇಬೇಕಿತ್ತು, ಜನ ಕೇಳುತ್ತಿದ್ದರು. ಮೊದಲ ಸಲ ಸೂರ್ಯ ಮುಳುಗುವುದರಲ್ಲಿದ್ದ. ಎರಡನೆಯ ಸಲ ಒಂದು ಮಾರು ಮೇಲೆ ಬಂದಿದ್ದ. ಅದರ ಮುಂದಿನದರಲ್ಲಿ ಅಭ್ಯರ್ಥಿ ಬೆವರು ಒರೆಸಿಕೊಂಡು ರೊಟ್ಟಿ ಮುರಿದರು. ಲಾಜರ್ ಗುಂಪಿನ ಹಿಂದೆ ನಿಂತು ನನ್ನ ಕಿವಿಯಲ್ಲಿ, "ಇನ್ನೊಂದು ಸಲ ನಿಂತ್ರೆ ಬೆಳಗಿನ ಕಾಫಿ ಜೊತೆಗೇ ತಿಂದಿರ್ತಾನೆ ನೋಡು" ಎನ್ನುತ್ತಿದ್ದ.

ಆ ಸಲ ಬರಲಿಲ್ಲ. ಮಹಾಯುದ್ಧ ಬಂತು, ಹೋಯಿತು, ರಾಜ ಹೋದ. ಹೊಸದಾಗಿ ಬಂದವರಿಗೆ ಯೆಹೂದಿ ಸತ್ಯವಂತ ಬೇಡವಾಗಿದ್ದ. ಬಾರ್ನಾ ಎಂದು ಕರೆಯುತ್ತಿದ್ದವರು ಮತ್ತೆ ಬ್ಲೌ ಎಂದು ಕರೆಯತೊಡಗಿದರು, ಅದೂ ಮುಖ ಸಿಂಡರಿಸಿಕೊಂಡು. ಹೆಸರು ಕೊಟ್ಟ ಸರ್ಕಾರ ಅದನ್ನು ಹಾಗೆಯೇ ವಾಪಸು ತೆಗೆದುಕೊಂಡಿತು. ಅವನು ತಾಯಿಯ ಮನೆಗೆ ಬಂದು ಸೇರಿದ. ಸೆರೆನ್ ತೀರಿಹೋಗಿದ್ದಳು, ನನ್ನ ಲಾಜರನೂ ಹೋಗಿದ್ದ, ರಬ್ಬಿಗಳೂ ಇರಲಿಲ್ಲ. ಅಚ್ಚಿನ ಯಂತ್ರ ಮಾತ್ರ ಇತ್ತು, 'ಸತ್ಯದ ಧ್ವನಿ' ತಿಂಗಳಿಗೊಮ್ಮೆ ಸಣ್ಣಗೆ ಬರುತ್ತಿತ್ತು.

ಒಂದು ಶುಕ್ರವಾರ ನಾನು ಹಿಟ್ಟಿನ ಜಡೆ ಹೆಣೆಯುತ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಕೈಗವಸು ಇರಲಿಲ್ಲ. ಕೂತ್ಕೊಳ್ಳಿ ಎಂದೆ. ಕೂತ.

"ರೆಜಿ, ಆ ದಿನದ ರೊಟ್ಟಿ ಮೇಲೆ ಗಸಗಸೆ ಹಾಕಿದ್ಯಾ?"

"ಹಾಕಿದ್ದೆ."

"ಹಲ್ಲಿನ ಸಂದೀಲಿ ಸಿಕ್ಕೊಂಡಿತ್ತು. ಅದು ನೆನಪಿದೆ. ಮಿಹಾಯ್ ಕೋಲು ನೆನಪಿದೆ. ಅವನು ಚಿಲುಮೆ ಹಚ್ಚಿದಾಗ ಮುಖ ಫಕ್ಕಂತ ಕಂಡಿದ್ದು ನೆನಪಿದೆ." ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದ. "ಬಿಸಿಲು ಮಾತ್ರ ಎಷ್ಟು ಯೋಚಿಸಿದ್ರೂ ನೆನಪಿಗೆ ಬರ್ತಿಲ್ಲ. ಮಿಹಾಯ್ ನಿಂಗೇನಾದ್ರೂ ಹೇಳಿದ್ನಾ?"

"ಹೇಳಿದ್ದ. ಊರಿಗೆಲ್ಲ ಹೇಳಿದ್ವಿ. ಯಾರೂ ನಂಬಲಿಲ್ಲ."

"ಯಾರೂ?"

"ನಿಮ್ಮ ಪತ್ರಿಕೇಲಿ ಬಂದಿರ್ಲಿಲ್ವಲ್ಲ."

ಅವನು ನಕ್ಕ. ಆಮೇಲೆ ಕಣ್ಣು ಒರೆಸಿಕೊಂಡ. ಅದು ನಗುವಿನದೋ ಇನ್ನೊಂದರದೋ ನಾನು ಕೇಳಲಿಲ್ಲ. "ಬರೀತೀನಿ ರೆಜಿ. ಈ ತಿಂಗಳೇ. ನಿಜವಾಗಿ ಆದದ್ದನ್ನ ಹಾಗ್‌ಹಾಗೇ ಬರೀತೀನಿ" ಎಂದ. ಜೇಬಿನಿಂದ ಪೆನ್ಸಿಲ್ ತೆಗೆದು ಅಲ್ಲೇ ಮೇಜಿನ ಮೂಲೆಯಲ್ಲಿ, ಹಿಟ್ಟು ಬೀಳದ ಕಡೆ ಕಾಗದ ಇಟ್ಟುಕೊಂಡು ಬರೆಯತೊಡಗಿದ. ಎಂದೂ ಅನಿಸದ ಮರುಕ ನನಗೆ ಆಗ ಅನಿಸಿತು. ಕೊನೆಗಾಲದಲ್ಲಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ.

ಬರೆದದ್ದನ್ನು ಗಟ್ಟಿಯಾಗಿ ಓದಿದ: "'ಸಾವಿರ ಸಾವಿರ ನಕ್ಷತ್ರಗಳ ಬೆಳ್ಳಿಯ ಬೆಳಕು ಅಭ್ಯರ್ಥಿಯ ವಿಶಾಲವಾದ ಹಣೆಯ ಮೇಲೆ ಸುರಿಯುತ್ತಿರಲು...'"

"ಮೋಡ ಇತ್ತಂತೆ" ಎಂದೆ ನಾನು. "ಮೂರೇ ನಕ್ಷತ್ರ ಇದ್ದಿದ್ದಂತೆ."

ಅವನು ಪೆನ್ಸಿಲಿನ ತುದಿ ಕಚ್ಚಿಕೊಂಡು ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡ.

"ಮೂರು ಸಾಕಾಗಲ್ಲ ರೆಜಿ" ಎಂದ.